ಮುರುಗಲು ಸಿಪ್ಪೆಯಲ್ಲಿ ಎರಡು ಆ್ಯಂಟಿಆಕ್ಸಿಡೆಂಟ್: ಬೇರ್ಪಡಿಸಿ ನೋಡುವ ಬಗೆ

ಎಮ್ಮೆಸ್ಸಿ ಪ್ರಾಜೆಕ್ಟ್ ವರದಿಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: 'ಈ ಗಿಡದ ಎಥನಾಲ್ ಸಾರದಲ್ಲಿ ಉತ್ತಮ ಆ್ಯಂಟಿಆಕ್ಸಿಡೆಂಟ್ ಗುಣ ಕಂಡುಬಂದಿದೆ.' ಎಲೆ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ನೆನೆಸಿ, ಸೋಸಿ, ಡಿಪಿಪಿಎಚ್ (ಆ್ಯಂಟಿಆಕ್ಸಿಡೆಂಟ್ ಸಿಕ್ಕರೆ ಹಳದಿಯಾಗುವ ನೇರಳೆ ರಾಸಾಯನಿಕ) ಹಾಕಿದರೆ ಯಾವ ಗಿಡದಲ್ಲಾದರೂ ಅದು ಕಂಡೇ ಕಾಣುತ್ತದೆ. ಬೇಲಿ ಮೇಲಿನ ಲಂಟಾನದಲ್ಲೂ ಕಾಣುತ್ತದೆ. ಫಿನಾಲ್ ಇಲ್ಲದ ಗಿಡ ಎಲ್ಲಿದೆ? ಯಾವ ಅಣು, ಎಷ್ಟಿದೆ, ಅದನ್ನು ಬೇರೆ ಮಾಡಿ ಬಾಟಲಿಯಲ್ಲಿಟ್ಟು ತೋರಿಸಬಹುದೇ ಎಂದು ಕೇಳಿದಾಗ ಕೆಲಸ ಶುರುವಾಗುತ್ತದೆ.

ಕಲಿಯುವವರಿಗೆ ಮುರುಗಲಿನಷ್ಟು ಒಳ್ಳೆಯ ಸರಕು ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಉತ್ತರ ಕನ್ನಡದಲ್ಲಿ ಮುರುಗಲು, ಮಂಗಳೂರು-ಉಡುಪಿ ಕಡೆ ಪುನರ್ಪುಳಿ, ಅಂಗಡಿಯಲ್ಲಿ ಕೋಕಂ. ಶಾಸ್ತ್ರೀಯ ಹೆಸರು ಗಾರ್ಸಿನಿಯಾ ಇಂಡಿಕಾ. ಮೈಮೇಲೆ ಪಿತ್ತದ ಗಂಧೆ ಎದ್ದರೆ ಸಿಪ್ಪೆ ನೆನೆಸಿದ ನೀರು, ಅಂಗಾಲು ಒಡೆದರೆ ಬೀಜದಿಂದ ತೆಗೆದ ಮುರುಗಲು ತುಪ್ಪ, ಸೆಕೆಗೆ ಶರಬತ್ತು, ಊಟಕ್ಕೆ ಸಾರು. ಇದರ ಸಿಪ್ಪೆಯಲ್ಲಿ ಎರಡು ಬೇರೆ ಬೇರೆ ಸ್ವಭಾವದ ಆ್ಯಂಟಿಆಕ್ಸಿಡೆಂಟ್‌ಗಳಿವೆ. ಕೆಂಪು ಬಣ್ಣ ಕೊಡುವ ಆಂಥೋಸಯನಿನ್‌ಗಳು ನೀರಿಗೆ ಇಳಿಯುತ್ತವೆ. ಹಳದಿ ಬಣ್ಣದ ಗಾರ್ಸಿನಾಲ್ ನೀರನ್ನು ಮುಟ್ಟುವುದೇ ಇಲ್ಲ, ಹೆಕ್ಸೇನಿನಂಥ ಎಣ್ಣೆಸ್ವಭಾವದ ದ್ರಾವಕಕ್ಕೆ ಹೋಗುತ್ತದೆ. ಹಾಗಾಗಿ ದೊಡ್ಡ ಉಪಕರಣಗಳಿಲ್ಲದೆಯೇ ಎರಡನ್ನೂ ಬೇರೆ ಮಾಡಬಹುದು.

ಮುಂದೆ ಹೇಳುವುದೆಲ್ಲ ಫ್ಯೂಮ್ ಹುಡ್ (ಆವಿಯನ್ನು ಹೊರಗೆ ಎಳೆದುಹಾಕುವ ಗೂಡು) ಇರುವ ಕಾಲೇಜು ಲ್ಯಾಬಿನಲ್ಲಿ, ಮಾರ್ಗದರ್ಶಕರ ಕಣ್ಣಳತೆಯಲ್ಲಿ ಮಾಡುವ ಕೆಲಸ. ಮನೆಯ ಅಡುಗೆಕೋಣೆಯಲ್ಲಿ ಹೆಕ್ಸೇನ್ ಬಾಟಲಿಯ ಮುಚ್ಚಳವನ್ನೂ ತೆರೆಯಬೇಡಿ.

ಹಣ್ಣು ಆರಿಸುವುದು, ಗುರುತು ದಾಖಲಿಸುವುದು

ಮುರುಗಲು ಬೇಸಿಗೆಯ ಹಣ್ಣು, ಏಪ್ರಿಲ್-ಮೇ ತಿಂಗಳಲ್ಲಿ ಸಿಗುತ್ತದೆ. ಮಳೆ ಹಿಡಿದ ಮೇಲೆ ಕೊಯ್ದ ಹಣ್ಣಿಗೆ ಬೂಸ್ಟು ಬೇಗ ಬರುತ್ತದೆ. ಪೂರ್ತಿ ಕಡುಕೆಂಪಾದ ಹಣ್ಣನ್ನೇ ತನ್ನಿ. ಅದೇ ಕುಲದ ಉಪ್ಪಾಗೆ (ಗಾರ್ಸಿನಿಯಾ ಗಮ್ಮಿಗಟ್ಟಾ) ಮಳೆಗಾಲದಲ್ಲಿ ಹಣ್ಣಾಗಿ ಹಳದಿಗೆ ತಿರುಗುತ್ತದೆ. ಹಣ್ಣು ಎದುರಿಗಿದ್ದಾಗ ಗೊಂದಲವಿಲ್ಲ, ಒಣಗಿ ಕಪ್ಪಾದ ಸಿಪ್ಪೆಯಾಗಿ ಮೂಟೆಯಲ್ಲಿ ಬಂದಾಗ ಗುರುತು ಹಿಡಿಯುವುದು ಕಷ್ಟ. ಆದ್ದರಿಂದ ಪೇಟೆಯ ಒಣಸಿಪ್ಪೆ ಬೇಡ. ಅದರಲ್ಲಿ ಹಲವು ಸಲ ಉಪ್ಪು ಬೆರೆಸಿದ್ದೂ ಇರುತ್ತದೆ, ತೂಕದ ಲೆಕ್ಕವೆಲ್ಲ ಅಲ್ಲೇ ಕೆಡುತ್ತದೆ.

ಹಣ್ಣು ಕೊಯ್ದ ಮರದಿಂದಲೇ ಎಲೆ ಸಹಿತ ಒಂದು ರೆಂಬೆ ತೆಗೆದು, ಒತ್ತಿ ಒಣಗಿಸಿ, ಹರ್ಬೇರಿಯಂ ಹಾಳೆ ಮಾಡಿ. ಹೂವಿನ ಕಾಲದಲ್ಲಿ ಇನ್ನೊಮ್ಮೆ ಹೋಗಿ ಹೂವಿನ ರೆಂಬೆಯನ್ನೂ ತಂದರೆ ಒಳ್ಳೆಯದು. ಸ್ಥಳ, ದಿನಾಂಕ, ಕೊಯ್ದವರ ಹೆಸರು ಬರೆದು, ಸಸ್ಯಶಾಸ್ತ್ರ ವಿಭಾಗದಲ್ಲೋ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿಯಂಥ ಔಷಧೀಯ ಸಸ್ಯಗಳ ಸಂಸ್ಥೆಯ ಹರ್ಬೇರಿಯಂನಲ್ಲೋ ಕೊಟ್ಟು ವೋಚರ್ ಸಂಖ್ಯೆ (ಆ ಮಾದರಿಯ ದಾಖಲೆ ಸಂಖ್ಯೆ) ಪಡೆಯಿರಿ. ಈ ಸಂಖ್ಯೆ ಇಲ್ಲದ ಲೇಖನವನ್ನು ಒಳ್ಳೆಯ ಪತ್ರಿಕೆಗಳು ಓದುವ ಮೊದಲೇ ವಾಪಸ್ ಕಳಿಸುತ್ತವೆ. ಮುರುಗಲು ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಮರ. ಕಾಡಿನ ಮರವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ತೋಟದ ಮರವಾದರೆ ಯಜಮಾನರನ್ನು ಒಂದು ಮಾತು ಕೇಳಿ, ಅವರ ಹೆಸರನ್ನು ಕೃತಜ್ಞತೆಯಲ್ಲಿ ಹಾಕಿ.

ಒಣಗಿಸಿ ಪುಡಿ ಮಾಡುವುದು

ಹಣ್ಣು ತೊಳೆದು, ಒರೆಸಿ, ಎರಡು ಹೋಳು ಮಾಡಿ ಬೀಜ-ತಿರುಳು ತೆಗೆಯಿರಿ. ಸಿಪ್ಪೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ ಒಂದು ಕಿಲೋ ಹಣ್ಣಿಗೆ ಒಣಪುಡಿ ನೂರು ಗ್ರಾಂ ಬಂದರೆ ಹೆಚ್ಚು. ಬಿಸಿಲಿಗೆ ಹರಡಬೇಡಿ, ಬಿಸಿಲು ಬಣ್ಣವನ್ನು ತಿನ್ನುತ್ತದೆ. ಗಾಳಿಯಾಡುವ ಟ್ರೇ ಡ್ರೈಯರ್‌ನಲ್ಲಿ 40-45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ. ದಿನಕ್ಕೆರಡು ಬಾರಿ ತೂಗಿ, ತೂಕ ಇಳಿಯುವುದು ನಿಂತಾಗ ನಿಲ್ಲಿಸಿ.

ಪುಡಿ ಮಾಡುವಾಗ ಸಿಪ್ಪೆ ಸ್ವಲ್ಪ ಸತಾಯಿಸುತ್ತದೆ. ಇದರಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಧಾರಾಳವಾಗಿದೆ, ಗಾಳಿಯ ತೇವವನ್ನು ಎಳೆದುಕೊಂಡು ಮಿಕ್ಸಿಯ ಬ್ಲೇಡಿಗೆ ಅಂಟಂಟಾಗಿ ಮೆತ್ತಿಕೊಳ್ಳುತ್ತದೆ. ಒಣಸಿಪ್ಪೆಯನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ತೆಗೆದ ಕೂಡಲೇ ಹತ್ತು-ಹದಿನೈದು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿದರೆ ಪುಡಿಯಾಗುತ್ತದೆ. ಜರಡಿ ಹಿಡಿದು, ಕಂದುಬಣ್ಣದ ಬಾಟಲಿಗೆ ತುಂಬಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿ.

ಮೊದಲು ಹೆಕ್ಸೇನ್: ಗಾರ್ಸಿನಾಲ್ ತೆಗೆಯುವುದು

50 ಗ್ರಾಂ ಪುಡಿಯನ್ನು ಥಿಂಬಲ್‌ಗೆ (ಸೋಸುಕಾಗದದ ಕೊಳವೆ) ತುಂಬಿ, 300 ಮಿ.ಲೀ. ಹೆಕ್ಸೇನಿನೊಂದಿಗೆ ಸಾಕ್ಸ್‌ಲೆಟ್‌ನಲ್ಲಿ (ದ್ರಾವಕವನ್ನು ಕುದಿಸಿ, ತಣಿಸಿ, ಪುಡಿಯ ಮೇಲೆ ಮತ್ತೆ ಮತ್ತೆ ಹಾಯಿಸುವ ಗಾಜಿನ ಉಪಕರಣ) ಏರಿಸಿ. ಹೆಕ್ಸೇನ್ 69 ಡಿಗ್ರಿಗೆ ಕುದಿಯುತ್ತದೆ. ಹೀಟಿಂಗ್ ಮ್ಯಾಂಟಲ್ ಅಥವಾ ನೀರಿನ ಬಾತ್ ಬಳಸಿ, ಬೆಂಕಿ ಕೂಡದು. ಆರರಿಂದ ಎಂಟು ಗಂಟೆಯಲ್ಲಿ ಸೈಫನ್ ಮೂಲಕ ಇಳಿಯುವ ದ್ರಾವಕದ ಹಳದಿ ಬಹುತೇಕ ಮಾಸುತ್ತದೆ.

ಈ ಸಾರವನ್ನು ರೋಟರಿ ಇವಾಪರೇಟರ್‌ನಲ್ಲಿ (ಕಡಿಮೆ ಒತ್ತಡದಲ್ಲಿ ದ್ರಾವಕವನ್ನು ಆವಿ ಮಾಡುವ ಯಂತ್ರ) 30-40 ಮಿ.ಲೀ. ಉಳಿಯುವಷ್ಟು ಕುಗ್ಗಿಸಿ. ಪೂರ್ತಿ ಆರಿಸಿದರೆ ಮೇಣ, ಕೊಬ್ಬು, ಗಾರ್ಸಿನಾಲ್ ಎಲ್ಲ ಒಟ್ಟಿಗೆ ಅಂಟಾಗಿ ಕೂರುತ್ತವೆ, ಆಮೇಲೆ ಹರಳು ಬಿಡಿಸುವುದು ಹರಸಾಹಸ. ಕುಗ್ಗಿಸಿದ ದ್ರಾವಣವನ್ನು ಮುಚ್ಚಿ 4 ಡಿಗ್ರಿಯಲ್ಲಿ ಎರಡು ಮೂರು ದಿನ ಅಲ್ಲಾಡಿಸದೆ ಬಿಡಿ. ಇಲ್ಲೊಂದು ಎಚ್ಚರಿಕೆ: ಮನೆಬಳಕೆಯ ಸಾಮಾನ್ಯ ಫ್ರಿಜ್‌ನ ಥರ್ಮೋಸ್ಟಾಟ್ ಕಿಡಿ ಹಾರಿಸುತ್ತದೆ, ಒಳಗೆ ಹೆಕ್ಸೇನ್ ಆವಿ ತುಂಬಿದ್ದರೆ ಬಾಗಿಲೇ ಹಾರಿಹೋದೀತು. ದ್ರಾವಕಗಳಿಗೆಂದೇ ಮಾಡಿದ ಕಿಡಿರಹಿತ ಫ್ರಿಜ್ ಇಲ್ಲದಿದ್ದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿ, ಕರಗಿದಂತೆ ಬದಲಾಯಿಸುತ್ತ ಹುಡ್‌ನೊಳಗೇ ಇಡಿ.

ತಳದಲ್ಲಿ ಹಳದಿ ಹರಳು ಕಟ್ಟುತ್ತದೆ. ಸೋಸಿ, ತಣ್ಣಗಿನ ಹೆಕ್ಸೇನಿನಿಂದ ಒಂದೆರಡು ಸಲ ತೊಳೆದು, ಸ್ವಲ್ಪವೇ ಬಿಸಿ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ ಮತ್ತೆ ತಣ್ಣಗೆ ಮಾಡಿ ಹರಳಾಗಿಸಿ. ಒಣಸಿಪ್ಪೆಯಲ್ಲಿ ಗಾರ್ಸಿನಾಲ್ ಶೇಕಡಾ 2-3ರಷ್ಟಿರುತ್ತದೆ ಎಂದು ಬರೆದಿರುವುದುಂಟು. ಹರಳಾಗಿ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಅರ್ಧ ಗ್ರಾಂ ಶುದ್ಧ ಹರಳು ಬಂದರೂ ಮುಂದಿನ ಪರೀಕ್ಷೆಗಳಿಗೆಲ್ಲ ಸಾಕು. ಈ ಹಂತದಲ್ಲಿ ಎಲ್ಲೂ ಆಮ್ಲ ಹಾಕಿ ಬಿಸಿ ಮಾಡಬೇಡಿ, ಗಾರ್ಸಿನಾಲ್ ಆಮ್ಲಕ್ಕೆ ಸಿಕ್ಕರೆ ಉಂಗುರ ಕಟ್ಟಿಕೊಂಡು ಐಸೋಗಾರ್ಸಿನಾಲ್ ಆಗಿಬಿಡುತ್ತದೆ.

ಹರಳೇ ಬರದಿದ್ದರೆ ಕಾಲಮ್ ದಾರಿ (ಸಿಲಿಕಾ ತುಂಬಿದ ಗಾಜಿನ ಕೊಳವೆಯಲ್ಲಿ ಸಾರ ಇಳಿಸಿ ಬೇರ್ಪಡಿಸುವುದು) ಇದೆ: 100-200 ಮೆಶ್ ಸಿಲಿಕಾ, ಹೆಕ್ಸೇನಿನಿಂದ ಶುರುಮಾಡಿ ಈಥೈಲ್ ಅಸಿಟೇಟ್ ಪಾಲನ್ನು ಹಂತಹಂತವಾಗಿ ಏರಿಸುತ್ತ ಹೋಗುವುದು.

ತಟ್ಟೆಯ ಮೇಲೆ ನೋಡುವುದು

ಟಿಎಲ್‌ಸಿ (ಸಿಲಿಕಾ ಬಳಿದ ತಟ್ಟೆಯ ಮೇಲೆ ಅಣುಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಓಡಿಸುವ) ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ. ಒಂದೇ ಅಳತೆಯ ಎರಡು ಸಿಲಿಕಾ ತಟ್ಟೆ ತೆಗೆದುಕೊಂಡು ಕಚ್ಚಾ ಹೆಕ್ಸೇನ್ ಸಾರ, ಸೋಸಿ ಉಳಿದ ದ್ರಾವಣ, ನಿಮ್ಮ ಹರಳು, ಈ ಮೂರನ್ನೂ ಪಕ್ಕಪಕ್ಕ ಚುಕ್ಕೆಯಿಟ್ಟು ಹೆಕ್ಸೇನ್-ಈಥೈಲ್ ಅಸಿಟೇಟ್ 7:3ರಲ್ಲಿ ಓಡಿಸಿ. ಚುಕ್ಕೆಗೆ ಬಾಲ ಬಂದರೆ ಒಂದು ಹನಿ ಫಾರ್ಮಿಕ್ ಆಮ್ಲ ಸೇರಿಸಬಹುದು, ತಟ್ಟೆಯ ಮೇಲೆ ಅಷ್ಟರಿಂದ ಅಪಾಯವಿಲ್ಲ.

ಒಂದು ತಟ್ಟೆಯನ್ನು 254 ನ್ಯಾನೊಮೀಟರ್ ಯುವಿ ದೀಪದ ಕೆಳಗೆ ನೋಡಿ, ಆಮೇಲೆ ಅಯೋಡಿನ್ ಆವಿಯಲ್ಲಿಡಿ. ಇನ್ನೊಂದಕ್ಕೆ ಮೆಥನಾಲ್‌ನಲ್ಲಿ ಶೇ. 0.2ರ ಡಿಪಿಪಿಎಚ್ ಸಿಂಪಡಿಸಿ. ತಟ್ಟೆಯಿಡೀ ನೇರಳೆಯಾಗಿ, ಆ್ಯಂಟಿಆಕ್ಸಿಡೆಂಟ್ ಇದ್ದ ಜಾಗ ಮಾತ್ರ ಒಂದೆರಡು ನಿಮಿಷದಲ್ಲಿ ಹಳದಿಯಾಗುತ್ತದೆ. ಅಯೋಡಿನ್‌ನಲ್ಲಿ ಕಂದಾಗಿ ಮೂಡಿದ ಕೊಬ್ಬಿನ ಚುಕ್ಕೆಗಳು ಇಲ್ಲಿ ನೇರಳೆಯಾಗಿಯೇ ಉಳಿಯುತ್ತವೆ. ಎಲ್ಲ ಚುಕ್ಕೆಗಳ ನಡುವೆ ಕೆಲಸ ಮಾಡುವ ಚುಕ್ಕೆ ಯಾವುದು ಎಂದು ಕಣ್ಣಿಗೇ ಕಾಣಿಸುವ ಪರೀಕ್ಷೆ ಇದು, ಖರ್ಚೂ ಕಡಿಮೆ. ಹಲವರು ಇದನ್ನು ಬಿಟ್ಟು ಸೀದಾ ಶೇಕಡಾವಾರು ಲೆಕ್ಕಕ್ಕೆ ಹಾರುತ್ತಾರೆ, ಯಾಕೋ ಗೊತ್ತಿಲ್ಲ.

ಉಳಿದ ಚರಟದಿಂದ ಕೆಂಪು ಬಣ್ಣ

ಥಿಂಬಲ್‌ನ ಚರಟವನ್ನು ಹುಡ್‌ನಲ್ಲಿ ಹರಡಿ ಹೆಕ್ಸೇನ್ ಪೂರ್ತಿ ಆರಲು ಬಿಡಿ. ಶೇ. 80ರ ಎಥನಾಲ್‌ಗೆ ಲೀಟರಿಗೆ 1 ಮಿ.ಲೀ.ನಂತೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, 150 ಮಿ.ಲೀ.ನಷ್ಟನ್ನು ಚರಟಕ್ಕೆ ಹಾಕಿ, ಕತ್ತಲಲ್ಲಿ, ತಣ್ಣಗೆ, ಒಂದು ರಾತ್ರಿ ನೆನೆಸಿ ಬಸಿಯಿರಿ. ಹೀಗೆ ಮೂರು ಸಲ. ಇದನ್ನು ಸಾಕ್ಸ್‌ಲೆಟ್‌ಗೆ ಏರಿಸುವಂತಿಲ್ಲ, ಗಂಟೆಗಟ್ಟಲೆ ಕುದಿದರೆ ಬಣ್ಣ ಕಂದಾಗುತ್ತದೆ. ಆವಿ ಮಾಡುವಾಗಲೂ 40 ಡಿಗ್ರಿ ದಾಟಬಾರದು. ಎಥನಾಲ್ ಹೋಗಿ ನೀರು ಉಳಿದಾಗ ನಿಲ್ಲಿಸಿ. ಪೂರ್ತಿ ಒಣಗಿಸಲು ಹೋದರೆ ಆಮ್ಲದ ಸಾಂದ್ರತೆ ಏರಿ ಅಣುವಿಗಂಟಿದ ಸಕ್ಕರೆ ಕಳಚಿಬೀಳುತ್ತದೆ.

ಈಗ ನಿಮ್ಮ ಕೈಲಿರುವ ಕೆಂಪು ದ್ರವದಲ್ಲಿ ಬಣ್ಣಕ್ಕಿಂತ ಹುಳಿ ಮತ್ತು ಸಕ್ಕರೆಯೇ ಹೆಚ್ಚು. ಸಿ-18 ಕಾರ್ಟ್ರಿಜ್ ಅಥವಾ ಎಕ್ಸ್‌ಎಡಿ-7 ರಾಳ ಬಳಸಿ ಇದನ್ನು ಬಿಡಿಸಬೇಕು. ಮೊದಲು ಮೆಥನಾಲ್, ಆಮೇಲೆ ಸ್ವಲ್ಪ ಆಮ್ಲ ಸೇರಿಸಿದ ನೀರು ಹಾಯಿಸಿ ಸಿದ್ಧಮಾಡಿ. ಸಾರ ಹಾಕಿದಾಗ ಬಣ್ಣ ಮೇಲ್ಭಾಗದಲ್ಲೇ ಪಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆಮ್ಲದ ನೀರು ಹಾಯಿಸುತ್ತ ಹೋದರೆ ಹುಳಿ, ಸಕ್ಕರೆ ತೊಳೆದುಹೋಗುತ್ತವೆ. ಈಥೈಲ್ ಅಸಿಟೇಟ್‌ಗೆ ಉಳಿದ ಬೇರೆ ಫಿನಾಲ್‌ಗಳು ಇಳಿಯುತ್ತವೆ. ಕೊನೆಗೆ ಆಮ್ಲ ಸೇರಿಸಿದ ಮೆಥನಾಲ್ ಹಾಕಿದಾಗ ಕೆಂಪು ಪಟ್ಟಿ ಇಳಿದುಬರುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಸಯನಿಡಿನ್-3-ಗ್ಲುಕೋಸೈಡ್ ಮತ್ತು ಸಯನಿಡಿನ್-3-ಸಾಂಬುಬಯೋಸೈಡ್.

ಬಣ್ಣ ಎಷ್ಟಿದೆ ಎಂದು ಅಳೆಯಲು ಪಿಎಚ್ ವ್ಯತ್ಯಾಸದ ವಿಧಾನ ಸಾಕು. ಪಿಎಚ್ 1.0ರ ಪೊಟ್ಯಾಸಿಯಂ ಕ್ಲೋರೈಡ್ ಬಫರ್‌ನಲ್ಲೊಂದು, ಪಿಎಚ್ 4.5ರ ಸೋಡಿಯಂ ಅಸಿಟೇಟ್ ಬಫರ್‌ನಲ್ಲೊಂದು ಭಾಗ ಬೆರೆಸಿ, 520 ಮತ್ತು 700 ನ್ಯಾನೊಮೀಟರ್‌ನಲ್ಲಿ ಅಬ್ಸಾರ್ಬೆನ್ಸ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂಬ ಅಳತೆ) ಓದಿ. ಪ್ರತಿ ಬಫರ್‌ನಲ್ಲೂ 520ರ ಓದಿನಿಂದ 700ರದ್ದನ್ನು ಕಳೆಯಿರಿ, ಬಂದ ಎರಡರಲ್ಲಿ ಪಿಎಚ್ 1.0ರದ್ದರಿಂದ 4.5ರದ್ದನ್ನು ಕಳೆಯಿರಿ. ಉಳಿದದ್ದನ್ನು 449.2 (ಸಯನಿಡಿನ್-3-ಗ್ಲುಕೋಸೈಡ್‌ನ ಅಣುತೂಕ), ದ್ರಾವಣ ತಿಳಿ ಮಾಡಿದ ಪಟ್ಟು ಮತ್ತು 1000ದಿಂದ ಗುಣಿಸಿ, 26,900ರಿಂದ (ಅದೇ ಅಣು ಬೆಳಕು ಹೀರುವ ಪ್ರಮಾಣದ ಅಂಕಿ) ಭಾಗಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ (ಕ್ಯುವೆಟ್, ಅಂದರೆ ಅಳೆಯುವ ಪುಟ್ಟ ಪಾತ್ರೆ, 1 ಸೆಂ.ಮೀ. ಅಗಲದ್ದಾಗಿರಬೇಕು).

ಡಿಪಿಪಿಎಚ್, ಮತ್ತು ಬಣ್ಣ ಮಾಡುವ ಮೋಸ

ಡಿಪಿಪಿಎಚ್ ವಿಧಾನವನ್ನು ಬ್ಲಾಯ್ಸ್ ಎಂಬ ವಿಜ್ಞಾನಿ 1958ರಲ್ಲಿ ಪ್ರಕಟಿಸಿದ. ನೇರಳೆ ಬಣ್ಣದ, ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಈ ರ‍್ಯಾಡಿಕಲ್‌ಗೆ ಹೈಡ್ರೋಜನ್ ಸಿಕ್ಕರೆ ಹಳದಿಗೆ ತಿರುಗುತ್ತದೆ, ಆ ಇಳಿಕೆಯನ್ನು 517 ನ್ಯಾನೊಮೀಟರ್‌ನಲ್ಲಿ ಓದುತ್ತೇವೆ. ತೊಡಕು ಇರುವುದು ಆ ಸಂಖ್ಯೆಯಲ್ಲೇ. ಹುಳಿಯಲ್ಲಿರುವ ಸಯನಿಡಿನ್ ಬಣ್ಣಗಳೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ, 510-520ರ ಸುತ್ತಮುತ್ತ, ಬೆಳಕನ್ನು ಹೀರುತ್ತವೆ. ಯಂತ್ರಕ್ಕೆ ಉಳಿದ ಡಿಪಿಪಿಎಚ್ ಯಾವುದು, ಮುರುಗಲಿನ ಕೆಂಪು ಯಾವುದು ಎಂದು ತಿಳಿಯುವುದಿಲ್ಲ.

3.9 ಮಿ.ಗ್ರಾಂ. ಡಿಪಿಪಿಎಚ್ ಅನ್ನು 100 ಮಿ.ಲೀ. ಮೆಥನಾಲ್‌ನಲ್ಲಿ ಕರಗಿಸಿದರೆ 0.1 ಮಿಲಿಮೋಲಾರ್ ದ್ರಾವಣ. ಅಂದಂದು ಮಾಡಿ, ಫಾಯಿಲ್ ಸುತ್ತಿಡಿ. ಪ್ರತಿ ಸಾಂದ್ರತೆಗೂ ನಳಿಕೆಗಳು ಹೀಗಿರಲಿ:

1. ಕಂಟ್ರೋಲ್: 3 ಮಿ.ಲೀ. ಡಿಪಿಪಿಎಚ್ + 1 ಮಿ.ಲೀ. ಮೆಥನಾಲ್
2. ಸ್ಯಾಂಪಲ್: 3 ಮಿ.ಲೀ. ಡಿಪಿಪಿಎಚ್ + 1 ಮಿ.ಲೀ. ಸಾರ
3. ಬಣ್ಣದ ಬ್ಲ್ಯಾಂಕ್: 3 ಮಿ.ಲೀ. ಮೆಥನಾಲ್ + 1 ಮಿ.ಲೀ. ಸಾರ

ಕತ್ತಲಲ್ಲಿ 30 ನಿಮಿಷ ಇಟ್ಟು ಓದಿ. ಲೆಕ್ಕಕ್ಕೆ ಕಂಟ್ರೋಲ್ 0.84, ಸ್ಯಾಂಪಲ್ 0.40, ಬಣ್ಣದ ಬ್ಲ್ಯಾಂಕ್ 0.12 ಎಂದಿಟ್ಟುಕೊಳ್ಳಿ. ಬ್ಲ್ಯಾಂಕ್ ಕಳೆಯದಿದ್ದರೆ ಉತ್ತರ (ಓದು ಕಂಟ್ರೋಲ್‌ಗಿಂತ ಶೇಕಡಾ ಎಷ್ಟು ಇಳಿದಿದೆ ಎಂಬುದು) ಶೇ. 52.4. ಕಳೆದರೆ ಸ್ಯಾಂಪಲ್‌ನ ನಿಜವಾದ ಓದು 0.28, ಉತ್ತರ ಶೇ. 66.7. ಸಾರದ ಪ್ರಮಾಣ ಏರಿಸಿದಷ್ಟೂ ಬಣ್ಣವೂ ಏರುವುದರಿಂದ, ಮೂರನೆಯ ನಳಿಕೆ ಇಡದವರ ಗ್ರಾಫ್ ಮೇಲೇರಿ ಆಮೇಲೆ ಕೆಳಗಿಳಿಯುತ್ತದೆ. ಅಂಥ ಗ್ರಾಫಿಗೆ 'ಹೆಚ್ಚಿನ ಪ್ರಮಾಣದಲ್ಲಿ ಪ್ರೋ-ಆಕ್ಸಿಡೆಂಟ್ (ಆಕ್ಸಿಡೀಕರಣ ಹೆಚ್ಚಿಸುವ) ಗುಣ' ಎಂದು ವಿವರಣೆ ಕೊಡುವ ಮೊದಲು ಬ್ಲ್ಯಾಂಕ್ ಎಲ್ಲಿ ಎಂದು ಕೇಳಬೇಕು.

ಇದೇ ಕಾರಣಕ್ಕೆ ಮುರುಗಲಿನ ಕೆಂಪು ಭಾಗಕ್ಕೆ ಎಬಿಟಿಎಸ್ (ಇದೇ ಬಗೆಯ ಇನ್ನೊಂದು ಬಣ್ಣದ ಪರೀಕ್ಷೆ) ಹೆಚ್ಚು ಒಪ್ಪುತ್ತದೆ. 7 ಮಿಲಿಮೋಲಾರ್ ಎಬಿಟಿಎಸ್‌ಗೆ, ಬೆರೆತ ಮೇಲೆ 2.45 ಮಿಲಿಮೋಲಾರ್ ಆಗುವಷ್ಟು ಪೊಟ್ಯಾಸಿಯಂ ಪರ್ಸಲ್ಫೇಟ್ ಸೇರಿಸಿ, 12ರಿಂದ 16 ಗಂಟೆ ಕತ್ತಲಲ್ಲಿಟ್ಟು, 734 ನ್ಯಾನೊಮೀಟರ್‌ನಲ್ಲಿ 0.70 ಬರುವಂತೆ ತಿಳಿ ಮಾಡಿಕೊಳ್ಳುವುದು. 734ರಲ್ಲಿ ಆಂಥೋಸಯನಿನ್ ಅಡ್ಡ ಬರುವುದಿಲ್ಲ.

ಕಚ್ಚಾ ಸಾರದ ಹುಳಿಯೂ ತನ್ನದೊಂದು ಆಟ ಆಡುತ್ತದೆ. ಮೆಥನಾಲ್‌ನಲ್ಲಿ ಫಿನಾಲ್‌ಗಳು ಅಯಾನುಗಳಾಗಿ ಒಡೆದಾಗ ಡಿಪಿಪಿಎಚ್ ಜೊತೆ ವೇಗವಾಗಿ ವರ್ತಿಸುತ್ತವೆ, ಆಮ್ಲ ಆ ಒಡೆಯುವಿಕೆಯನ್ನು ತಡೆಯುತ್ತದೆ. ಆದ್ದರಿಂದ ಹುಳಿ ತೊಳೆಯದ ಸಾರವನ್ನೂ ತೊಳೆದ ಭಾಗವನ್ನೂ ಒಂದೇ ಕೋಷ್ಟಕದಲ್ಲಿಟ್ಟು ಹೋಲಿಸುವಾಗ ಜೋಪಾನ.

ಐಸಿ-50 (ಡಿಪಿಪಿಎಚ್ ಅನ್ನು ಅರ್ಧಕ್ಕಿಳಿಸಲು ಬೇಕಾದ ಸಾಂದ್ರತೆ) ಬರೆಯುವಾಗ ನಳಿಕೆಯೊಳಗಿನ ಸಾಂದ್ರತೆ ಬರೆಯಿರಿ. ಮೇಲಿನ ಅಳತೆಯಲ್ಲಿ ಸಾರ ನಾಲ್ಕು ಪಟ್ಟು ತಿಳಿಯಾಗಿರುತ್ತದೆ, ಮೂಲ ಬಾಟಲಿಯ ಸಂಖ್ಯೆ ಬರೆದರೆ ನಾಲ್ಕು ಪಟ್ಟು ತಪ್ಪು. ಶುದ್ಧ ಅಣುಗಳನ್ನು ಹೋಲಿಸುವಾಗ ಮೈಕ್ರೊಮೋಲಾರ್‌ಗೆ ಬದಲಾಯಿಸಿ: ಮಿಲಿಲೀಟರಿಗೆ 6 ಮೈಕ್ರೊಗ್ರಾಂ ಗಾರ್ಸಿನಾಲ್ ಅಂದರೆ ಸುಮಾರು 10 ಮೈಕ್ರೊಮೋಲಾರ್, ಅಷ್ಟೇ ಅಣುಗಳಿಗೆ ಆಸ್ಕಾರ್ಬಿಕ್ ಆಮ್ಲ 1.76 ಮೈಕ್ರೊಗ್ರಾಂ ಸಾಕು. ಗ್ರಾಂ ಲೆಕ್ಕದಲ್ಲಿ ವಿಟಮಿನ್ ಸಿ ಹಲವು ಸಲ ಗೆದ್ದಂತೆ ಕಾಣುವುದು ಇದರಿಂದಲೇ.

ಅಣುವಿನ ಗುರುತು

ಮಾಸ್ ಸ್ಪೆಕ್ಟ್ರಮ್‌ನ (ಅಣುವಿನ ತೂಕ ತೋರಿಸುವ ಪರೀಕ್ಷೆ) ಋಣಾತ್ಮಕ ಕ್ರಮದಲ್ಲಿ 601.35 ಬಂದ ಕೂಡಲೇ ಗಾರ್ಸಿನಾಲ್ ಸಿಕ್ಕಿತೆಂದು ಕುಣಿಯಬೇಡಿ. ಗಾರ್ಸಿನಾಲ್, ಐಸೋಗಾರ್ಸಿನಾಲ್, ಜ್ಯಾಂಥೋಕೈಮಾಲ್, ಗಟ್ಟಿಫೆರೋನ್-ಇ ಎಲ್ಲದರ ಸೂತ್ರವೂ ಸಿ38 ಎಚ್50 ಒ6. ಐಸೋಗಾರ್ಸಿನಾಲ್ ಮತ್ತು ಜ್ಯಾಂಥೋಕೈಮಾಲ್‌ಗಳನ್ನು ಎನ್‌ಎಂಆರ್ (ಅಣುವಿನ ರಚನೆ ತೋರಿಸುವ ಕಾಂತೀಯ ಪರೀಕ್ಷೆ) ಬೇರೆ ಮಾಡಿ ತೋರಿಸುತ್ತದೆ. ಗಟ್ಟಿಫೆರೋನ್-ಇ ಗಾರ್ಸಿನಾಲ್‌ನ ಕನ್ನಡಿಬಿಂಬ, ಎನ್‌ಎಂಆರ್‌ನಲ್ಲೂ ಎರಡೂ ಒಂದೇ. ಪೋಲಾರಿಮೀಟರ್‌ನಲ್ಲಿ ಬೆಳಕನ್ನು ಯಾವ ಕಡೆ ತಿರುಗಿಸುತ್ತದೆ ಎಂದು ನೋಡಿದರಷ್ಟೇ ತೀರ್ಮಾನ. ಎಷ್ಟೋ ಕಾಲೇಜುಗಳಲ್ಲಿ ಧೂಳು ಹಿಡಿದು ಕೂತಿರುವ ಆ ಹಳೆಯ ಉಪಕರಣ ಇಲ್ಲಿ ಬೇಕೇ ಬೇಕು.

ಎನ್‌ಎಂಆರ್ ಗೆರೆಗಳು ಜೋಡಿಜೋಡಿಯಾಗಿ ಕಂಡರೆ ಸ್ಯಾಂಪಲ್ ಅಶುದ್ಧ ಎಂದುಕೊಳ್ಳುವ ಮೊದಲು ಟಾಟೊಮರ್‌ಗಳ (ಒಂದೇ ಅಣುವಿನ, ಒಂದಕ್ಕೊಂದು ಬದಲಾಗುತ್ತಿರುವ ರೂಪಗಳ) ಸಾಧ್ಯತೆ ನೆನಪಿರಲಿ. ಡ್ಯೂಟರೇಟೆಡ್ ಮೆಥನಾಲ್‌ಗೆ ಶೇ. 0.1 ಟಿಎಫ್‌ಎ (ಟ್ರೈಫ್ಲೋರೋಅಸಿಟಿಕ್ ಆಮ್ಲ) ಸೇರಿಸಿ ಓಡಿಸಿದರೆ ಈ ಕುಟುಂಬದ ಅಣುಗಳ ಗೆರೆ ಸ್ವಚ್ಛವಾಗುತ್ತದೆ. ಓಡಿಸಿದ ಸ್ಯಾಂಪಲನ್ನು ಹಾಗೇ ಇಟ್ಟುಕೊಂಡು ಇನ್ನೊಂದು ಪರೀಕ್ಷೆಗೆ ಬಳಸಬೇಡಿ, ಅದರಲ್ಲಿ ಆಮ್ಲವಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹೊರಗಿನವರ ಸ್ಯಾಂಪಲ್ ಓಡಿಸಿಕೊಡುವ ಉಪಕರಣ ಕೇಂದ್ರಗಳಿವೆ. ಸರದಿ ಉದ್ದ ಇರುವುದರಿಂದ ಸೆಮಿಸ್ಟರ್ ಕೊನೆಗೆ ಕಾಯದೆ ಮೊದಲೇ ಅರ್ಜಿ ಹಾಕಿ.

ಕೆಂಪು ಭಾಗದ ಗುರುತು ಸುಲಭ. ಮಾಸ್ ಸ್ಪೆಕ್ಟ್ರಮ್‌ನ ಧನಾತ್ಮಕ ಕ್ರಮದಲ್ಲಿ 449 ಮತ್ತು 581 ಬರುತ್ತವೆ, ಎರಡೂ ಒಡೆದು 287 ಕೊಡುತ್ತವೆ.

ಜೀವಕೋಶದ ಪರೀಕ್ಷೆ, ಮತ್ತು ಎಷ್ಟು ಹೇಳಬಹುದು

ಎಂಟಿಟಿ (ಬದುಕಿದ ಕೋಶ ನೇರಳೆಯಾಗಿಸುವ ಹಳದಿ ಬಣ್ಣ) ಪರೀಕ್ಷೆ ಮಾಡುವವರು ಜೀವಕೋಶವಿಲ್ಲದ ಬಾವಿಗಳಲ್ಲೂ ನಿಮ್ಮ ಅಣು ಮತ್ತು ಎಂಟಿಟಿ ಹಾಕಿ ನೋಡಬೇಕು. ಆ್ಯಂಟಿಆಕ್ಸಿಡೆಂಟ್ ತಾನೇ ಎಂಟಿಟಿಯನ್ನು ನೇರಳೆ ಮಾಡಿಬಿಡುತ್ತದೆ, ಸತ್ತ ಕೋಶವೂ ಬದುಕಿದ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು, ಪಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಇರುವ ಇಂಥ ಅಣುಗಳು ಕಲ್ಚರ್ ಮಾಧ್ಯಮದಲ್ಲಿ ತಾವೇ ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಬಲ್ಲವು. ಕೋಶ ಸತ್ತದ್ದು ನಿಮ್ಮ ಅಣುವಿನಿಂದಲೋ ಪೆರಾಕ್ಸೈಡ್‌ನಿಂದಲೋ ಎಂದು ತಿಳಿಯಲು ಕ್ಯಾಟಲೇಸ್ (ಪೆರಾಕ್ಸೈಡ್ ಒಡೆಯುವ ಕಿಣ್ವ) ಸೇರಿಸಿದ ಸಾಲೊಂದು ಇರಲಿ.

ವರದಿಯಲ್ಲಿ ಮಾತು ಅಳೆದು ಬರೆಯಿರಿ. ನಮ್ಮ ಅಜ್ಜಿಯರು ಕೊಟ್ಟದ್ದು ಸಿಪ್ಪೆ ನೆನೆಸಿದ ನೀರು. ಗಾರ್ಸಿನಾಲ್ ನೀರಿಗೆ ಇಳಿಯುವುದಿಲ್ಲ. ಹಾಗಿರುವಾಗ ಶರಬತ್ತಿನ ಗುಣಕ್ಕೆ ಗಾರ್ಸಿನಾಲ್ ಕಾರಣ ಎಂದು ಬರೆಯುವುದು ಯಾವ ನ್ಯಾಯ? ಹಾಗೆ ಬರೆದ ಪೀಠಿಕೆಗಳು ಬೇಕಾದಷ್ಟು ಸಿಗುತ್ತವೆ. ಲೋಟದೊಳಗೆ ಬಂದದ್ದೇನು ಎಂದು ತಿಳಿಯಬೇಕಿದ್ದರೆ ಮನೆಯಲ್ಲಿ ಮಾಡುವಂತೆಯೇ ಸಿಪ್ಪೆಯನ್ನು ನೀರಲ್ಲಿ ನೆನೆಸಿ, ಆ ನೀರನ್ನೇ ಎಚ್‌ಪಿಎಲ್‌ಸಿಗೆ (ದ್ರವದಲ್ಲಿರುವ ಅಣುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಹಾಕಿ, ಬಣ್ಣಕ್ಕೆ 520ರಲ್ಲೂ ಗಾರ್ಸಿನಾಲ್‌ಗೆ 280ರಲ್ಲೂ ನೋಡಿ. ನಳಿಕೆಯ ಸಂಖ್ಯೆ ದೇಹದಲ್ಲಿ ಏನಾಗುತ್ತದೆ ಎಂದು ಹೇಳುವುದಿಲ್ಲ. ಆಹಾರಗಳ ಒಆರ್‌ಎಸಿ (ನಳಿಕೆಯಲ್ಲಿ ಅಳೆದ ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯ) ಅಂಕಿಗಳ ದೊಡ್ಡ ಪಟ್ಟಿ ಇಟ್ಟಿದ್ದ ಅಮೆರಿಕದ ಕೃಷಿ ಇಲಾಖೆ, ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡುತ್ತಿವೆ ಎಂದು 2012ರಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿತು.

ಪೇಟೆಂಟ್ ಯೋಚನೆ ಇದ್ದರೆ, ಅಥವಾ ಸ್ಯಾಂಪಲನ್ನು ಹೊರದೇಶದ ಲ್ಯಾಬಿಗೆ ಕಳಿಸುವುದಿದ್ದರೆ, 2002ರ ಜೀವವೈವಿಧ್ಯ ಕಾಯ್ದೆ ಅನ್ವಯಿಸುತ್ತದೆ. 2023ರಲ್ಲಿ ಅದಕ್ಕೆ ತಿದ್ದುಪಡಿಯಾಗಿದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನು ಕೆಲಸ ಶುರುಮಾಡುವ ಮುಂಚೆಯೇ ಓದಿಕೊಳ್ಳಿ.

ಉಳಿದ ಗಾರ್ಸಿನಾಲ್ ಹರಳನ್ನು ಕಂದು ವಯಲ್‌ನಲ್ಲಿ ತುಂಬಿ, ಸಾಧ್ಯವಾದರೆ ಸಾರಜನಕ ಹಾಯಿಸಿ, ದಿನಾಂಕ ಮತ್ತು ವೋಚರ್ ಸಂಖ್ಯೆ ಬರೆದು ಮೈನಸ್ 20 ಡಿಗ್ರಿಯಲ್ಲಿಡಿ. ಮುಂದಿನ ವರ್ಷದ ವಿದ್ಯಾರ್ಥಿ ಅದನ್ನು ಬಳಸುವ ಮೊದಲು ಒಂದು ಟಿಎಲ್‌ಸಿ ಓಡಿಸಲಿ. ಎರಡನೆಯ ಚುಕ್ಕೆ ಕಂಡರೆ ಅಸಿಟೋನೈಟ್ರೈಲ್‌ನಲ್ಲಿ ಮತ್ತೊಮ್ಮೆ ಹರಳಾಗಿಸಿಕೊಂಡರಾಯಿತು.